ಬೇವಿನೆಲೆಯ ಕ್ರಿಸ್ಮಸ್ ಕಾರ್ಡು

ನನಗೆ ಚಿತ್ರ ಬರೆಯಲು ಬರುವುದಿಲ್ಲ. ಆದರೂ ಡಿಸೆಂಬರ್ ಬಂತೆಂದರೆ ಬೀದರಿನ ನಮ್ಮ ಚರ್ಚಿನವರೆಲ್ಲ "ಮನಿಷಾಬಾಯಿ, ಈ ಸಲದ ಕಾರ್ಡ್ ಎಲ್ಲಿ ಅವರಿ?" ಎಂದು ಕೇಳುತ್ತಾರೆ. ಅದರಲ್ಲಿ ಗುಟ್ಟೇನೂ ಇಲ್ಲ. ಬೇವಿನೆಲೆಯ ಗರಿಗೆ ಹಸಿರು ಬಣ್ಣ ಸವರಿ, ತುದಿ ಮೇಲಾಗುವಂತೆ ದಪ್ಪ ಕಾಗದಕ್ಕೆ ಒತ್ತಿದರೆ ಕ್ರಿಸ್ಮಸ್ ಗಿಡ ತಾನಾಗಿ ಮೂಡುತ್ತದೆ. ತುದಿಗೊಂದು ಹಳದಿ ಚುಕ್ಕೆ ಇಟ್ಟರೆ ನಕ್ಷತ್ರ. ಸಣ್ಣ ಗರಿಗಳು ಉಡುಗೊರೆಗೆ ಕಟ್ಟುವ ಚೀಟಿಗೆ. ಮೂಲೆಗೆ ತೂತು ಹಾಕಿ ದಾರ ಪೋಣಿಸಿದರಾಯಿತು.

ಇದನ್ನು ಕಲಿಸಿದವಳು ಅವ್ವ. ಭಾಲ್ಕಿಯ ತವರುಮನೆಯ ಅಂಗಳದಲ್ಲಿ, ಬೇವಿನ ಗಿಡದ ಕೆಳಗೆ, ನನ್ನನ್ನೂ ತಮ್ಮ ಸುಶೀಲಕುಮಾರನನ್ನೂ ಕೂಡಿಸಿಕೊಂಡು ಕಲಿಸಿದ್ದಳು. ಅವನು ಬಣ್ಣ ಮೆತ್ತಿ ಮೆತ್ತಿ ಗಿಡವನ್ನು ಮುದ್ದೆ ಮಾಡುತ್ತಿದ್ದ. "ಬಣ್ಣ ಹೆಚ್ಚಾತಲ್ಲೋ!" ಎಂದು ಅವ್ವ ಬೈಯುತ್ತಿದ್ದಳು.

ಆ ಗಿಡವನ್ನು ಮೂರು ವರ್ಷದ ಹಿಂದೆ ಈ ತಮ್ಮ ಮಹಾರಾಯ ಕಡಿಸಿಬಿಟ್ಟ. ಬೇರು ಗೋಡೆ ಸೀಳುತ್ತಿತ್ತಂತೆ! ಅವ್ವ ತೀರಿಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ನನ್ನನ್ನು ಒಂದು ಮಾತು ಕೇಳಬೇಡವೇ? ಫೋನಿನಲ್ಲೇ ಅವನ ನೀರಿಳಿಸಿದೆ. "ನಿನ್ನ ಹೊಸ್ತಿಲಾ ತುಳ್ಯಾಂಗಿಲ್ಲ" ಎಂದೆ. ಅಂದಿನಿಂದ ನನ್ನ ಕಾರ್ಡಿನ ಪಟ್ಟಿಯಲ್ಲಿ ಅವನ ಹೆಸರಿಲ್ಲ. ಹಬ್ಬದ ದಿನ ಮಾತ್ರ ಫೋನು ಹಿಡಿದೇ ಕೂಡುತ್ತೇನೆ, ಅವನೇ ಮಾಡಲಿ ಎಂದು. ಹಟಮಾರಿ, ಮಾಡುವುದಿಲ್ಲ.

ಮಗಳು ಕಾಜಲ ಭಾಲ್ಕಿಯ ಒಂದು ಶಾಲೆಯಲ್ಲಿ ಟೀಚರು, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಈಗ ಶಾಲೆಯ ಬೇವಿನ ಗಿಡದಿಂದ ಎಲೆ ತರುವವಳೂ ಅವಳೇ. ಮೊನ್ನೆ ವಿಳಾಸ ಬರೆಯುತ್ತಾ ಕೂತಿದ್ದಳು. ಔರಾದಿನ ಭೀಮಬಾಯಿ ಚಿಕ್ಕವ್ವ, ಹಲಬರ್ಗಾದ ಓಂಪ್ರಕಾಶ, ಆಮೇಲೆ ಸುಶೀಲಕುಮಾರ! ನಾನು ಪೆನ್ನು ಕಿತ್ತುಕೊಂಡು ಆ ಹೆಸರಿಗೆ ಗೀಟು ಎಳೆದೆ.

"ಅವ್ವಾ, ಮಾಮಾನ ಹೆಸರು ಹೊಡಿಬ್ಯಾಡ."

"ಗಿಡ ಕಡಸ್ದಾಂವ್ಗ ಗಿಡದ ಕಾರ್ಡ್ ಯಾಕ?"

"ಈ ಎಲಿ ಮಾಮಾಂದೇ ಅವ."

ನಾನು ಪೆನ್ನು ಕೆಳಗಿಟ್ಟೆ.

"ಸಾಲಿ ಗಿಡದ್ದು ಅಂತ ಸುಳ್ಳ ಹೇಳಿನಿ. ಕಡಿಸಿದ ಬುಡ ಮತ್ತ ಚಿಗತದ. ಆಡು ತಿನ್ನಬಾರದಂತ ಮಾಮಾ ಸುತ್ತ ಜಾಲಿಮುಳ್ಳು ಹಚ್ಯಾರ. ಪ್ರತಿ ಡಿಸೆಂಬರ್ ತಾವೇ ಎಲಿ ಆರಿಸಿ, ಹಸಿ ಬಟ್ಟ್ಯಾಗ ಸುತ್ತಿ ಕೊಡ್ತಾರ. ನಿನಗ ಹೇಳಬ್ಯಾಡ ಅಂದಿದ್ರು. ಗೊತ್ತಾದ್ರ ಅಕ್ಕ ಕಾರ್ಡ್ ಮಾಡೂದೇ ಬಿಡ್ತಾಳ ಅಂತ."

ಮೂರು ವರ್ಷ ಊರಿಗೆಲ್ಲ ಅವನ ಎಲೆಯ ಕಾರ್ಡು ಹಂಚಿದ್ದೆ, ಅವನೊಬ್ಬನನ್ನು ಬಿಟ್ಟು. ನಾಚಿಕೆಯಾಯಿತು. ಅವನ ಮೇಲೆ ಮತ್ತಷ್ಟು ಸಿಟ್ಟೂ ಬಂತು. ಬಟ್ಟೆಯೊಳಗಿದ್ದ ದೊಡ್ಡ ಗರಿಯನ್ನೇ ಆರಿಸಿ ಬಣ್ಣ ಹಚ್ಚಿ ಒತ್ತಿದೆ. ಬಣ್ಣ ಹೆಚ್ಚಾಗಿ ಗಿಡ ಮುದ್ದೆಯಾಯಿತು. ಇನ್ನೊಂದು ಮಾಡಲು ಮನಸ್ಸಾಗಲಿಲ್ಲ.

ಮರುದಿನ ಬೆಳಿಗ್ಗೆ ಭಾಲ್ಕಿ ಬಸ್ಸು ಹತ್ತಿದೆ. ತಮ್ಮ ಅಂಗಳದಲ್ಲಿ ಮುಳ್ಳಿನ ಬೇಲಿ ಸರಿಪಡಿಸುತ್ತಿದ್ದ. ಬೇವು ಆಗಲೇ ಅವನ ತಲೆ ಮೀರಿ ಬೆಳೆದಿತ್ತು. ನಾನು ಕಾರ್ಡು ಮುಂದೆ ಹಿಡಿದೆ. ಅವನು ಕೈ ಒರೆಸಿಕೊಂಡು ತೆಗೆದುಕೊಂಡ. ಬಹಳ ಹೊತ್ತು ನೋಡಿದ. ಕಣ್ಣು ಕೆಂಪಾಗಿತ್ತು.

"ಬಣ್ಣ ಹೆಚ್ಚಾತಲ್ಲ ಅಕ್ಕಾ," ಎಂದ.

"ಸುಮ್ಮ ತಗೋಳೋ, ದೊಡ್ಡ ಶಾಣ್ಯಾ!" ಎಂದು ಬೈದು, ಹೊಸ್ತಿಲು ದಾಟಿ ಒಳಗೆ ಹೋಗಿ ಚಹಾಕ್ಕೆ ನೀರಿಟ್ಟೆ.