ಕೂಗು ನಿಲ್ಲಿಸಿದ ಮೇಲೆ

ನಂದೀಶ್ವರಯ್ಯ ಡಾಕ್ಟರಿಗೆ ಯಾರಾದರೂ ಏನನ್ನಾದರೂ ಹೇಳಿಕೊಡಲು ಹೋದರೆ ಮೈಯೆಲ್ಲ ಉರಿಯುತ್ತಿತ್ತು. ಮಧುಗಿರಿಯ ಅವರ ನರ್ಸಿಂಗ್ ಹೋಮಿನಲ್ಲಿ ನಾನು ನರ್ಸು. ಆ ಸಿಡುಕನ್ನೆಲ್ಲ ನುಂಗಿಕೊಂಡು ದುಡಿದವಳು. ಎಂಬತ್ತೇಳನೇ ಇಸವಿಯಲ್ಲಿ ಎದೆಬಡಿತ ತೋರಿಸುವ ಕಂಪ್ಯೂಟರ್ ಯಂತ್ರವೊಂದನ್ನು ತರಿಸಿದರು. ಅದನ್ನು ಬಳಸುವುದನ್ನು ಕಲಿಸಲು ಕಂಪನಿಯವರು ಶಿರಾದ ಶಹರ್ಬಾನುವನ್ನು ಕಳಿಸಿದರೆ, ಬಾಗಿಲಲ್ಲೇ ವಾಪಸು ಅಟ್ಟಿದರು.

"ಗುಂಡಿ ಒತ್ತೋದನ್ನ ಈ ಹುಡುಗಿ ಹತ್ರ ಕಲೀಬೇಕಾ ನಾನು?"

ಮುಂದಿನ ವಾರ ಬಡವನಹಳ್ಳಿ ಕಡೆಯ ಕುರಿಗಾಹಿ ಕ್ಯಾತಪ್ಪ ಎದೆನೋವೆಂದು ತಾಯಿ ಕೆಂಪಕ್ಕನನ್ನು ತಂದು ಸೇರಿಸಿದ. ಮುದುಕಿ ಚೇತರಿಸಿಕೊಳ್ಳುತ್ತಿದ್ದಳು, ಆದರೆ ಇನ್ನೂ ಕೆಲವು ದಿನ ಇಲ್ಲಿ ಇರಲೇಬೇಕಿತ್ತು. ಈಗಲೇ ಎಬ್ಬಿಸಿದರೆ ಜೀವಕ್ಕೇ ಅಪಾಯ. ಅವಳ ಬಡಿತ ಮೊದಲಿನಿಂದಲೂ ನಿಧಾನ. ಯಂತ್ರಕ್ಕೇನು ಗೊತ್ತು, ಅವಳ ಎದೆಗೆ ತಂತಿ ಅಂಟಿಸಿದಾಗಿನಿಂದ ಬಡಿತ ಇಳಿದಿದೆಯೆಂದು ಮತ್ತೆ ಮತ್ತೆ ಕೂಗುತ್ತಿತ್ತು. ಕೂಗಿದಾಗಲೆಲ್ಲ ಕ್ಯಾತಪ್ಪ ಕಂಬಳಿ ಹೆಗಲಿಗೇರಿಸಿ ತಾಯಿಯನ್ನು ಊರಿಗೆ ಹೊರಡಿಸಲು ನಿಲ್ಲುತ್ತಿದ್ದ. ಊರಾಚೆ ಸತ್ತವರ ಹೆಣವನ್ನು ಅವರ ಜನ ಹಟ್ಟಿಯೊಳಗೆ ಬಿಟ್ಟುಕೊಳ್ಳುವುದಿಲ್ಲ. ಉಸಿರಿರುವಾಗಲೇ ಮನೆ ಸೇರಿಸಬೇಕು.

"ಇದ್ಯಾಕೆ ಇಂಗೆ ಬಡ್ಕೊಳ್ತೈತೆ ಸ್ವಾಮಿ?" ಎಂದು ಅವನು ಕೇಳಿ ಕೇಳಿ ಡಾಕ್ಟರಿಗೆ ರೇಗಿತು.

"ಅದು ಕೂಗ್ತಿರೋ ತನಕ ನಿಮ್ಮವ್ವನಿಗೆ ಏನೂ ಆಗಲ್ಲ. ಬಾಯ್ಮುಚ್ಕೊಂಡು ಕೂತ್ಕೋ!"

ಪಾಪ, ಅವನು ನಂಬಿದ. ಆ ಕರ್ಕಶ ಸದ್ದನ್ನೇ ಕೇಳುತ್ತ ನೆಮ್ಮದಿಯಿಂದ ಕೂತ.

ಬೇರೆ ರೋಗಿಗಳು ನಿದ್ದೆಯಿಲ್ಲದೆ ನನ್ನ ಮೇಲೆ ಹರಿಹಾಯತೊಡಗಿದಾಗ ನಾನೇ ಫೋನ್ ಮಾಡಿ ಶಹರ್ಬಾನುವನ್ನು ಕರೆಸಿದೆ. ಡಾಕ್ಟರು ನನ್ನನ್ನು ನುಂಗುವಂತೆ ನೋಡಿದರು. ಅವಳು ಅಳುಕಲಿಲ್ಲ.

"ಬಡಿತ ಎಷ್ಟಕ್ಕಿಳಿದರೆ ಕೂಗಬೇಕು ಅಂತ ಒಬ್ಬೊಬ್ಬ ರೋಗಿಗೂ ಬೇರೆ ಬೇರೆಯಾಗಿ ಇಡಬಹುದು ಸಾರ್. ಇವರಿಗೆ ಕಡಿಮೆ ಮಾಡಿ. ಇಲ್ಲಿ, ನೀವೇ ಒತ್ತಿ."

ಡಾಕ್ಟರು ಹಲ್ಲು ಕಡಿಯುತ್ತ ಒತ್ತಿದರು. ಕೂಗು ನಿಂತಿತು.

ಕ್ಯಾತಪ್ಪ ದಡಬಡನೆ ಎದ್ದ. "ಅಯ್ಯೋ, ನಿಂತೋಯ್ತಲ್ಲ!" ಎಂದವನೇ ತಾಯಿಯ ಎದೆಗೆ ಅಂಟಿಸಿದ್ದ ತಂತಿಗಳನ್ನು ಕೀಳತೊಡಗಿದ. "ಇನ್ನೂ ಉಸಿರೈತೆ. ಈಗ್ಲೇ ಊರಿಗೆ ಒಯ್ತೀನಿ."

"ಲೇ, ಮುದುಕಿ ಚೆನ್ನಾಗಿದಾಳೆ ಕಣೋ!" ಡಾಕ್ಟರು ಅರಚಿದರು.

"ಕೂಗೋ ತನಕ ಏನೂ ಆಗಲ್ಲ ಅಂದೋರು ನೀವೇ ಅಲ್ವಾ?"

ಡಾಕ್ಟರು ಶಹರ್ಬಾನು ಕಡೆ ನೋಡಿದರು. ಅವಳೆದುರು ತಪ್ಪೊಪ್ಪಿಕೊಳ್ಳುವ ಮನುಷ್ಯನೇ ಅವರು? "ನಾನ್ಯಾವಾಗ ಹಾಗಂದೆ?"

ನಾನು ಅಡ್ಡ ಬಂದೆ. "ಅಂದ್ರು ಕಣಪ್ಪ. ನಿನ್ನ ಬಾಯಿ ಮುಚ್ಚಿಸೋಕೆ ಸುಳ್ಳು ಹೇಳಿದ್ರು. ನಿಮ್ಮವ್ವ ನಿಜವಾಗ್ಲೂ ಸುಧಾರಿಸ್ಕೊಳ್ತಾ ಇದಾಳೆ, ನಂಬು."

"ಅದು ಸುಳ್ಳು ಅಂದ್ಮೇಲೆ ಇದು ನಿಜ ಅಂತ ಹೆಂಗ್ ನಂಬ್ಲಿ ನರ್ಸಮ್ಮ?"

ಅವನು ತಾಯಿಯನ್ನು ಎತ್ತಿಕೊಂಡ. ಕೆಂಪಕ್ಕ ನನ್ನ ಸೆರಗು ಹಿಡಿದುಕೊಂಡಳು.

"ನಾನ್ ಬರಾಕಿಲ್ಲ ಅಂತ ಅವನ್ಗೆ ಹೇಳವ್ವ. ಇಲ್ಲಿ ವಸಿ ಹಾಯಾಗೈತೆ."

ಅಷ್ಟು ಹೊತ್ತೂ ಯಾರೂ ಅವಳನ್ನು ಒಂದು ಮಾತು ಕೇಳಿರಲಿಲ್ಲ. ಕ್ಯಾತಪ್ಪ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಮೆಟ್ಟಿಲಿಳಿದ.