ವೀಳ್ಯದೆಲೆಯ ತೀರ್ಪು

ಸವಣೂರಿನ ನಮ್ಮ ವಿಮಾ ಕಚೇರಿಗೆ ಏಸಿ ಬಂದ ದಿನದಿಂದ ನನಗೂ ಸುಮೇಧಾಳಿಗೂ ಜಗಳ. ಅವಳಿಗೆ ಹದಿನೆಂಟು ಬೇಕು, ನನಗೆ ಇಪ್ಪತ್ತಾರು.

"ಸೆಕಿ ತಡಕೊಳ್ಳೂದ ಆಗವಲ್ದು, ಫರ್ಹತ!" ಅಂದಳು ಅವಳು.

"ನನಗ ಥಂಡಿಗೆ ಬೆರಳ ಸೆಟದಾವ!" ಅಂದೆ.

ಕೊನೆಗೆ ತೀರ್ಪನ್ನು ನಮ್ಮ ತೋಟದ ವೀಳ್ಯದೆಲೆಗೇ ಬಿಟ್ಟೆವು. ಏಸಿಯನ್ನು ಇಪ್ಪತ್ತಾರಕ್ಕೆ ಇಟ್ಟು, ಮೇಜಿನ ಮೇಲೊಂದು ಎಲೆ ಇಟ್ಟೆವು. ಊಟದ ಹೊತ್ತಿಗೆ ಅದು ಬಾಡಿದರೆ ಗೆಲುವು ಅವಳದು, ಬಾಡದಿದ್ದರೆ ನನ್ನದು.

ಊಟದ ಹೊತ್ತಾಯಿತು. ಎಲ್ಲರೂ ಮೇಜನ್ನು ಮುತ್ತಿದರು. ಎಲೆಯೇ ಇಲ್ಲ!

"ಯಾರ ತಗೊಂಡ್ರಿ?" ಕಿರುಚಿದೆ.

ಮ್ಯಾನೇಜರ್ ರಾಘಣ್ಣ ಕೆಂಪು ತುಟಿ ಒರೆಸಿಕೊಂಡರು. "ನಾನ ಈಗ ಹಾಕ್ಕೊಂಡೆನವಾ. ಎಂಥಾ ಎಲಿ! ಹಲ್ಲಾಗ ಇಡೂದ ತಡ, ಕುರುಂ ಅಂತ ಮುರೀತು."

ಕುರುಂ! ಬಾಡಿದ ಎಲೆ ಹಾಗೆ ಮುರಿಯುವುದುಂಟೇ? ನಾನು ಹಾರಿ ಸುಮೇಧಾಳ ಕೈಯಿಂದ ರಿಮೋಟ್ ಕಸಿದುಕೊಂಡೆ.