ಕೊನೆಯ ಮೆಟ್ಟಿಲಿನ ಎತ್ತರ

ಅವನ ಬಾಯಲ್ಲಿ ಗುಂಡುಸೂಜಿಗಳಿದ್ದವು. ಹಾಗಾಗಿ ತಿರುಗು ಎಂದು ಹೇಳುವ ಬದಲು ಅವಳ ಪಾದದ ಗಿಣ್ಣಿನ ಮೇಲೆ ಬೆರಳಿನಿಂದ ಒಮ್ಮೆ ತಟ್ಟಿದ. ಸ್ಟೂಲಿನ ಮೇಲೆ ನಿಂತಿದ್ದ ಅವಳು ಚೂರೇ ಚೂರು ತಿರುಗಿ ಮತ್ತೆ ನೆಟ್ಟಗಾದಳು. ಅವನು ಮರದ ಅಳತೆಕೋಲನ್ನು ನೆಲಕ್ಕೆ ಊರಿ, ಹೊಸ ಗೌನಿನ ಅಂಚನ್ನು ಅದರ ಗುರುತಿಗೆ ಸರಿಯಾಗಿ ಮಡಚಿ, ತುಟಿಗಳ ನಡುವಿನಿಂದ ಒಂದು ಸೂಜಿ ಎಳೆದು ಚುಚ್ಚಿದ. ತಾನು ತೊಟ್ಟ ಬಟ್ಟೆಯ ಕೆಳ ಅಂಚನ್ನು ತಾನೇ ಗುರುತು ಮಾಡಿಕೊಳ್ಳಲು ಲೋಕದ ಯಾವ ದರ್ಜಿಗೂ ಆಗುವುದಿಲ್ಲ. ಬಗ್ಗಿದರೆ ಬಟ್ಟೆಯೂ ಜೊತೆಗೆ ಬಗ್ಗುತ್ತದೆ. ಅದಕ್ಕೆ ಇನ್ನೊಬ್ಬರು ಬೇಕೇ ಬೇಕು, ಆ ಇನ್ನೊಬ್ಬರು ಮಂಡಿ ಊರಲೇಬೇಕು.

ಅವಳ ಮಂಡಿಗಳು ಹಾಳಾದದ್ದೇ ಹಾಗೆ. ಬಟ್ಟೆ ಅಂಗಡಿಯ ಹಿಂಭಾಗದಲ್ಲಿ, ಆಳೆತ್ತರದ ಕನ್ನಡಿಯ ಮುಂದೆ, ಕಂಡಕಂಡವರ ಕಾಲ ಬುಡದಲ್ಲಿ ಕೂತು ಅವಳು ಅರ್ಧ ಆಯಸ್ಸು ಕಳೆದಿದ್ದಳು. ಮೇಲೆ ನಿಂತವರದು ಒಬ್ಬೊಬ್ಬರದು ಒಂದೊಂದು ಗೊಣಗಾಟ. ಉದ್ದವಾಯಿತು, ಮೋಟಾಯಿತು, ಇವತ್ತೇ ಬೇಕು, ಈಗಲೇ ಬೇಕು. ತನಗೆಂದು ಏನಾದರೂ ಹೊಲಿದುಕೊಂಡಾಗ ಮಾತ್ರ ಅವಳು ಮನೆಯಲ್ಲಿ ಸ್ಟೂಲು ಹತ್ತುತ್ತಿದ್ದಳು, ಗಂಡ ಕೆಳಗೆ ಕೂರುತ್ತಿದ್ದ. ಅವನು ಮರದ ಮೆಟ್ಟಿಲು ಮಾಡುವ ಬಡಗಿ, ಅವನ ಕಣ್ಣಳತೆಗೆ ಎರಡು ಮಾತಿಲ್ಲ. ಗುರುತು ಮಾಡಿ ಮುಗಿದ ಮೇಲೆ ಅವಳು ಇಳಿಯಲೆಂದು ಕೈ ಚಾಚುತ್ತಿದ್ದ. ಊರೆಲ್ಲ ನನ್ನನ್ನು ಮಂಡಿ ಊರಿಸಿತು, ನನ್ನ ಮುಂದೆ ಮಂಡಿ ಊರುವವರು ಇವರೊಬ್ಬರೇ ಎಂದು ಅವಳಿಗೆ ಒಳಗೊಳಗೇ ಜಂಬ. ಬಾಯಿಬಿಟ್ಟು ಹೇಳಿದವಳಲ್ಲ. ಹೇಳಿದರೆ ತಲೆಯ ಮೇಲೆ ಹತ್ತಿ ಕೂರುತ್ತಾರೆ ಎಂಬ ಭಯ.

ಈ ಗೌನು ದ್ರಾಕ್ಷಿ ಸೀಮೆಗೆಂದೇ ಹೊಲಿದದ್ದು. ಹಾಗೆಂದು ಹೆಸರಿಟ್ಟವಳು ಅವಳೇ. ಯಾವ ಕಾಲದಲ್ಲೋ ವೈನ್ ಅಂಗಡಿಯವರು ಕೊಟ್ಟ ಕ್ಯಾಲೆಂಡರಿನ ಒಂದು ಹಾಳೆ ಅವಳ ಹೊಲಿಗೆ ಯಂತ್ರದ ಮೇಲಿನ ಗೋಡೆಯಲ್ಲಿತ್ತು. ಗುಡ್ಡದ ಮೇಲಿನಿಂದ ದ್ರಾಕ್ಷಿ ಬಳ್ಳಿಗಳ ಸಾಲು, ಬಾಚಿದ ತಲೆಗೂದಲಿನ ಹಾಗೆ, ನೇರ ಸಮುದ್ರದವರೆಗೆ ಇಳಿದಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ ಊರಿನ ಹೆಸರು. ತಿಂಗಳುಗಳು ಹರಿದುಹೋದರೂ ಆ ಹಾಳೆ ಹರಿಯಲಿಲ್ಲ. ಸಾಯುವುದರೊಳಗೆ ಒಂದು ಸಲ ಅಲ್ಲಿ ಕೂತು, ಸಮುದ್ರ ನೋಡುತ್ತ, ಒಂದು ಗ್ಲಾಸು ವೈನು ಕುಡಿಯಬೇಕು. ಅವಳು ಬದುಕಿನಲ್ಲಿ ಬಾಯಿಬಿಟ್ಟು ಕೇಳಿದ್ದು ಇದೊಂದೇ.

ಕೇಳಿದಾಗಲೆಲ್ಲ ಗಂಡ ಬರುವ ವರ್ಷ ನೋಡೋಣ ಎನ್ನುತ್ತಿದ್ದ. ಒಂದು ವರ್ಷ ಅವನ ತಾಯಿ ಬಿದ್ದು ಸೊಂಟ ಮುರಿದುಕೊಂಡರು. ಆಮೇಲೆ ತೀರಿಕೊಂಡರು. ಆಮೇಲೆ ಮಗಳ ಓದು, ಮಗಳ ಮದುವೆ, ಕೈತುಂಬ ಕೆಲಸ, ಕೈಯಲ್ಲಿ ಕೆಲಸವಿಲ್ಲದ್ದು. ನೆಪಗಳಿಗೇನು ಬರವೇ. ಈ ಸಲ ಬಟ್ಟೆ ಅಂಗಡಿ ರಿಪೇರಿಗೆಂದು ಮುಚ್ಚುವುದು ಗೊತ್ತಾದ ದಿನ ಅವಳು ಗಂಡನನ್ನು ಕೇಳಲೇ ಇಲ್ಲ. ತಾನೇ ಟ್ರಾವೆಲ್ಸ್ ಆಫೀಸಿಗೆ ಹೋಗಿ ಎರಡು ಟಿಕೆಟ್ಟು, ಸಮುದ್ರದ ಕಡೆಯ ಕೋಣೆ, ಎಲ್ಲ ಗೊತ್ತುಮಾಡಿ ಬಂದು, ಇನ್ನು ನೀವು ಹೂಂ ಅನ್ನಿ ಊಹೂಂ ಅನ್ನಿ, ಹೊರಡೋದಂತೂ ಹೊರಡೋದೇ ಎಂದಿದ್ದಳು.

ಅವನ ಮುಖ ಒಂದು ಗಳಿಗೆ ಸಪ್ಪಗಾಗಿತ್ತು. ಆಮೇಲೆ ಏನನ್ನಿಸಿತೋ, ಅವಳಿಗಿಂತ ಹೆಚ್ಚು ಉತ್ಸಾಹ ಅವನಿಗೇ ಬಂತು. ಊಟದ ಮೇಜಿನ ಮೇಲೆ ಆ ಊರಿನ ಬಣ್ಣದ ಕಾಗದಗಳನ್ನು ಹರಡಿಕೊಂಡು ಇಬ್ಬರೂ ದಿನಾ ಸಂಜೆ ಕೂರುತ್ತಿದ್ದರು. ಈ ತೋಟ ಬೇಡ, ಬರೀ ಜನಜಂಗುಳಿ ಇರುತ್ತೆ; ಆ ತೋಟಕ್ಕೆ ಹೋಗೋಣ, ಅಲ್ಲಿ ಕೂರೋದಕ್ಕೆ ನೆರಳಿದೆ ಎಂದು ಅವನು ಚಿತ್ರ ನೋಡಿದೊಡನೆ ಹೇಳುತ್ತಿದ್ದ. ಎಷ್ಟು ಚುರುಕು ಇವರು ಎಂದು ಅವಳು ಬೆರಗಾಗುತ್ತಿದ್ದಳು. ವೈನು ಕುಡಿಯುವ ಮುಂಚೆ ಗ್ಲಾಸು ಅಲ್ಲಾಡಿಸಿ ಮೂಸಿ ನೋಡಬೇಕೆಂದು ಎಲ್ಲೋ ಓದಿ, ಒಂದು ಲೋಟ ನೀರನ್ನು ಗಂಭೀರವಾಗಿ ಅಲ್ಲಾಡಿಸಿ ಮೂಸಿದ್ದಳು. ಮೂಸೋದಕ್ಕೆ ಅಷ್ಟು ದೂರ ಹೋಗಬೇಕೇನೇ, ಇಲ್ಲೇ ಮೂಸಬಹುದಲ್ಲ ಎಂದು ಅವನು ಛೇಡಿಸಿದ್ದ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಆ ನಗುವನ್ನು ಅವಳು ಇನ್ನು ಎಲ್ಲಿ ಬಿಸಾಡಬೇಕು?

ಗೌನಿನ ಸುತ್ತ ಅರ್ಧದಷ್ಟು ಸೂಜಿಗಳಾಗಿದ್ದವು. ಅವನು ಹಿಂದಕ್ಕೆ ಸರಿದು, ಒಂದು ಕಣ್ಣು ಮುಚ್ಚಿ ನೋಡಿ, ಬಾಯಲ್ಲಿದ್ದ ಸೂಜಿಗಳನ್ನು ಅಂಗೈಗೆ ತೆಗೆದುಕೊಂಡ.

"ಇನ್ನೊಂದು ನಾಲ್ಕು ಬೆರಳು ಮೇಲೆ ಹಿಡೀತೀನಿ ಕಣೇ. ಇಷ್ಟುದ್ದ ಇದ್ರೆ ಸಮುದ್ರಕ್ಕೆ ಇಳಿಯೋ ಮೆಟ್ಟಿಲು ವಾಪಸ್ ಹತ್ತೋವಾಗ ತುಳಿದುಬಿಡ್ತೀಯ. ಯಾವ ಪುಣ್ಯಾತ್ಮ ಕಟ್ಟಿದ್ನೋ, ಕೆಳಗಿನ ಕೊನೇ ಮೆಟ್ಟಿಲು ಮಿಕ್ಕವಕ್ಕಿಂತ ಎತ್ತರ. ಎಲ್ಲರೂ ಅಲ್ಲೇ ಮುಗ್ಗರಿಸ್ತಾರೆ. ಕಂಬಿ ಹಿಡ್ಕೊಳ್ಳೋಣ ಅಂದ್ರೆ ಮಧ್ಯಾಹ್ನಕ್ಕೆಲ್ಲ ಕಾದು ಕೆಂಡ ಆಗಿರುತ್ತೆ. ನಿನ್ನ ಮಂಡಿ ಬೇರೆ ಹೀಗೆ. ಬೆಳಗ್ಗೆನೇ ಇಳಿದು ಬಂದುಬಿಡೋಣ."

ಮೊದಲು ಅವಳಿಗೆ ಕಣ್ಣು ತುಂಬಿ ಬಂತು. ನನ್ನ ಮಂಡಿಯ ಮೇಲೆ ಇವರಿಗೆ ಎಷ್ಟು ಗಮನ ಎಂದುಕೊಂಡಳು. ಅದಾದ ಮೇಲೆ ಕಂಬಿಯ ಮಾತು ಮನಸ್ಸಿಗೆ ಬಂದು ಅಲ್ಲೇ ನಿಂತಿತು.

"ಕಂಬಿ ಕಾಯುತ್ತೆ ಅಂತ ನಿಮಗೆ ಹೇಗೆ ಗೊತ್ತು?"

"ಫೋಟೋದಲ್ಲಿ ಇತ್ತಲ್ಲ."

"ಫೋಟೋದಲ್ಲಿ ಕಂಬಿ ಕಾಯುತ್ತಾ?"

ಅವನು ಸೂಜಿಗಳನ್ನು ಒಂದೊಂದಾಗಿ ಮತ್ತೆ ಬಾಯಿಗಿಟ್ಟುಕೊಂಡ. ಮೆಟ್ಟಿಲಿನ ಬಡಗಿಗೆ ಎಲ್ಲ ಮುಚ್ಚಿಡಲು ಬರುತ್ತದೆ, ಕಾಲಿಗೆ ಸಿಕ್ಕ ಕೆಟ್ಟ ಮೆಟ್ಟಿಲೊಂದನ್ನು ಬಿಟ್ಟು. ಯಾರ ಮನೆಗೆ ಹೋಗಿ ಬಂದರೂ ಅವನು ಮೊದಲು ಬೈಯುವುದು ಅವರ ಮೆಟ್ಟಿಲನ್ನೇ. ಇದೂ ಹಾಗೆ ಬೈದದ್ದು. ನಾಲಿಗೆಯಲ್ಲ, ಕಸುಬು ಜಾರಿತ್ತು.

"ಸೂಜಿ ತೆಗೀರಿ ಬಾಯಿಂದ," ಎಂದಳು. "ಯಾರ ಜೊತೆ ಹೋಗಿದ್ರಿ?"

"ಯಾರೂ ಇರಲಿಲ್ಲ ಕಣೇ. ನಿನ್ನಾಣೆಗೂ. ಒಬ್ಬನೇ."

ಯಾವಾಗ ಎಂದು ಅವಳು ಕೇಳಲಿಲ್ಲ, ಅವನೇ ಹೇಳಿದ. ಅಮ್ಮ ಬಿದ್ದ ವರ್ಷ. ದೂರದ ಊರಿನ ಹೋಟೆಲಿಗೆ ಮೆಟ್ಟಿಲು ಕೂರಿಸಲು ಹೋಗಿದ್ದನಲ್ಲ, ಆಗ. ಕೆಲಸ ಬೇಗ ಮುಗಿಯಿತು. ಮನೆಗೆ ಬರುವ ಬಸ್ಸಿಗೆಂದು ನಿಂತಿದ್ದ. ಮನೆ ನೆನಸಿಕೊಂಡರೆ ಅಮ್ಮನ ಕೋಣೆಯ ವಾಸನೆಯೇ ಮೂಗಿಗೆ ಬರುತ್ತಿತ್ತು. ಪಕ್ಕದಲ್ಲಿ ಇನ್ನೊಂದು ಬಸ್ಸು ನಿಂತಿತ್ತು, ಅದರ ಹಣೆಯ ಮೇಲೆ ಅವಳ ಕ್ಯಾಲೆಂಡರಿನ ಊರಿನ ಹೆಸರು. ಹತ್ತಿಬಿಟ್ಟ. ಒಂದು ದಿನ ಇದ್ದು ಬರೋಣ ಅಂದುಕೊಂಡಿದ್ದ, ವಾರ ಆಗಿಹೋಯಿತು. ಮರ ಬಂದಿಲ್ಲ, ಕೆಲಸ ತಡವಾಗುತ್ತೆ ಎಂದು ಅಲ್ಲಿಂದಲೇ ಒಮ್ಮೆ ಫೋನು ಮಾಡಿದ್ದ.

ಅವಳು ಇಳಿಯಲು ಕಾಲು ಕೆಳಗಿಟ್ಟಳು. ಅವನು ಅಭ್ಯಾಸಬಲದಿಂದ ಕೈ ಚಾಚಿದ, ಅವಳೂ ಅಭ್ಯಾಸಬಲದಿಂದ ಹಿಡಿದುಕೊಂಡಳು. ನೆಲ ಮುಟ್ಟಿದ ಮೇಲೆ ತನ್ನ ಕೈಯ ಮೇಲೆಯೇ ಅವಳಿಗೆ ಸಿಟ್ಟು ಬಂತು.

ಆ ವಾರ ಅವಳಿಗೆ ಚೆನ್ನಾಗಿ ನೆನಪಿತ್ತು. ಅಂಗಡಿಗೆ ರಜೆ ಹಾಕಿ ಅತ್ತೆಯ ಮಗ್ಗುಲು ಬದಲಿಸುವುದು, ಒರೆಸುವುದು, ಹಾಸಿಗೆಯ ಬಟ್ಟೆ ಒಗೆಯುವುದು. ಒಗೆದದ್ದು ಒಣಗುವುದರೊಳಗೆ ಇನ್ನೊಂದು ಒದ್ದೆ. ಪ್ರತಿ ಸಂಜೆ ಅತ್ತೆ ಬಾಗಿಲ ಕಡೆ ನೋಡಿ, ಮಗ ಫೋನು ಮಾಡಿದ್ನೇನೇ ಎಂದು ಕೇಳುತ್ತಿದ್ದರು. ಮಾಡಿದ್ರು ಅತ್ತೆ, ನೀವು ನಿದ್ದೆ ಮಾಡ್ತಿದ್ರಿ, ಎಬ್ಬಿಸಬೇಡ ಅಂದ್ರು ಎಂದು ಅವಳು ಸಂಜೆಗೊಂದು ಸುಳ್ಳು ಹೇಳುತ್ತಿದ್ದಳು. ಆ ಮುದುಕಿ ಅಷ್ಟಕ್ಕೇ ಹಿಗ್ಗಿ, ಅವನಿಗೆ ನನ್ನ ಕಂಡರೆ ಪ್ರಾಣ ಎನ್ನುತ್ತಿದ್ದರು. ಅವಳು ಮಗನ ಪ್ರೀತಿಯನ್ನು ತಾನೇ ಹೊಲಿದು, ತಾನೇ ತೊಡಿಸಿ ಮಲಗಿಸುತ್ತಿದ್ದಳು.

ಮತ್ತೆ ಅವನ ಕತ್ತು. ಅವನು ವಾಪಸ್ಸು ಬಂದಾಗ ಕತ್ತಿನ ಹಿಂಭಾಗ ಬಿಸಿಲಿಗೆ ಸುಟ್ಟು ಕೆಂಪಗಾಗಿ ಸಿಪ್ಪೆ ಏಳುತ್ತಿತ್ತು. ಹೋಟೆಲಿನೊಳಗೆ ಮೆಟ್ಟಿಲು ಕೂರಿಸುವವನಿಗೆ ಬಿಸಿಲೆಲ್ಲಿಂದ ಬಂತು ಎಂದು ಅವಳಿಗೆ ಆಗ ಹೊಳೆದದ್ದು ನಿಜ. ಪಾಪ, ಇನ್ನೂ ಸೂರಿಲ್ಲದ ಕಟ್ಟಡ ಇರಬೇಕು, ಕತ್ತೆಯ ಹಾಗೆ ದುಡಿಸಿದ್ದಾರೆ ಎಂದು ಉತ್ತರವನ್ನೂ ತಾನೇ ಹುಡುಕಿಕೊಂಡಿದ್ದಳು. ತಣ್ಣನೆ ಹಾಲಿನಲ್ಲಿ ಬಟ್ಟೆ ಅದ್ದಿ, ಅತ್ತೆಯ ಕೆಲಸವೆಲ್ಲ ಮುಗಿದ ಮೇಲೆ, ಅವನ ಕತ್ತಿಗೆ ಒತ್ತಿದ್ದಳು. ಅವನು ಕಣ್ಣು ಮುಚ್ಚಿ ಹಾಯಾಗಿ ಕೂತಿದ್ದ. ಒತ್ತಿಸಿಕೊಂಡನಲ್ಲ, ಒಂದು ಮಾತು ಆಡದೆ ಒತ್ತಿಸಿಕೊಂಡನಲ್ಲ ಎಂದು ಈಗ ಅವಳಿಗೆ ಮೈಯೆಲ್ಲ ಉರಿಯಿತು.

"ಅದಕ್ಕೇನಾ ಪ್ರತಿ ವರ್ಷ ಮುಂದಕ್ಕೆ ಹಾಕ್ತಾ ಬಂದದ್ದು?"

"ನಿನ್ನ ಜೊತೆ ಅಲ್ಲಿಗೆ ಹೋದ್ರೆ ಗೊತ್ತಾಗಿಬಿಡುತ್ತೆ ಅನ್ನೋ ಭಯ."

"ಚೆನ್ನಾಗಿತ್ತಾ?"

ಇಲ್ಲ, ನಿನ್ನ ನೆನಪಾಗಿ ಏನೂ ಸೇರಲಿಲ್ಲ ಎಂದಿದ್ದರೆ ಅವಳು ನಂಬುತ್ತಿದ್ದಳೋ ಇಲ್ಲವೋ. ಆದರೆ ಅಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡವನಿಗೆ ಈಗ ಎಲ್ಲವನ್ನೂ ಹೇಳಿ ಹಗುರಾಗುವ ಆಸೆ. ಅಳತೆಕೋಲನ್ನು ಬೆರಳಿನಿಂದ ಒರೆಸುತ್ತ ಹೇಳಿದ:

"ಹೂಂ. ಅಷ್ಟು ಚೆನ್ನಾಗಿ ನಾನು ಯಾವತ್ತೂ ಇರಲಿಲ್ಲ."

ಇನ್ನೊಬ್ಬಳು ಇದ್ದಿದ್ದರೆ ಅವಳನ್ನು ಬೈಯಬಹುದಿತ್ತು. ಅವಳ ಮೂಗು, ಅವಳ ನಡೆ, ಅವಳ ಹುಟ್ಟಿದ ಮನೆ, ಯಾವುದನ್ನೂ ಬಿಡದೆ ಬೈದು, ಅತ್ತು, ಮಗಳಿಗೆ ಫೋನು ಮಾಡಿ, ರಂಪ ಮಾಡಿ ಹೇಗೋ ದಾಟಬಹುದಿತ್ತು. ಇಲ್ಲಿ ಯಾರೂ ಇರಲಿಲ್ಲ. ತಾನಿಲ್ಲದಿರುವುದೇ ಅವನ ಸುಖವಾಗಿತ್ತು, ಅದೂ ತನ್ನ ಗೋಡೆಯಿಂದ ಹೆಸರು ಓದಿಕೊಂಡು ಹೋಗಿ.

ಸಂಜೆಯೆಲ್ಲ ಅವನು ಹಿಂದೆ ಹಿಂದೆ ತಿರುಗಿದ. ಕಾಫಿ ತಾನೇ ಮಾಡಿ ತಂದಿಟ್ಟ. ಅದು ಕೆನೆಗಟ್ಟಿ ತಣ್ಣಗಾಯಿತು. ಕೊನೆಗೆ, ಈಗ ಇಬ್ಬರೂ ಹೋಗ್ತಿದ್ದೀವಲ್ಲ, ಎಲ್ಲಿ ಏನು ಚೆನ್ನಾಗಿದೆ ಅಂತ ನನಗೆ ಗೊತ್ತು, ನಾನೇ ನಿಂತು ಒಂದೊಂದೂ ತೋರಿಸ್ತೀನಿ ಎಂದ. ಅವನ ಮಟ್ಟಿಗೆ ಅದು ಕ್ಷಮೆ ಕೇಳುವ ರೀತಿ. ಅವಳು ಮೇಜಿನ ಮೇಲಿನ ಬಣ್ಣದ ಕಾಗದಗಳನ್ನು ಒಟ್ಟು ಮಾಡಿ ಅದರ ಮೇಲೆ ಇಸ್ತ್ರಿಪೆಟ್ಟಿಗೆ ಹೇರಿಟ್ಟಳು. ಜನಜಂಗುಳಿಯ ತೋಟ, ನೆರಳಿನ ತೋಟ, ಅವನ ಚುರುಕು ಎಲ್ಲದರ ಅರ್ಥ ಈಗ ಆಗಿತ್ತು.

ಮರುದಿನ ಅಂಗಡಿಯ ಊಟದ ಬಿಡುವಿನಲ್ಲಿ ಅವಳು ಟ್ರಾವೆಲ್ಸ್ ಆಫೀಸಿಗೆ ಹೋದಳು. ಅಲ್ಲಿನ ಹುಡುಗಿ ಯಜಮಾನರಿಗೆ ಹುಷಾರಿಲ್ವಾ ಮೇಡಂ ಎಂದು ಮರುಗಿದಳು. ಅವರು ಆ ಊರು ನೋಡಿದ್ದಾರಮ್ಮ ಎಂದಳು ಇವಳು. ಹುಡುಗಿ ಕಂಪ್ಯೂಟರು ಕುಟ್ಟುತ್ತ, ಒಬ್ಬರಿಗೆ ಅಂತ ಬೇರೆ ಕೋಣೆ ಇಲ್ಲ ಮೇಡಂ, ಮಂಚ ದೊಡ್ಡದೇ ಇರುತ್ತೆ, ಪರವಾಗಿಲ್ವಾ ಎಂದು ಕೇಳಿದಳು. ಪರವಾಗಿಲ್ಲ ಎಂದಳು. ಹೊರಗೆ ಬಂದು ಫುಟ್‌ಪಾತಿನ ಮೇಲೆ ನಿಂತು, ನನಗೆ ಒಬ್ಬಳೇ ಬಸ್ಸು ಹತ್ತಿ ಅಭ್ಯಾಸವೇ ಇಲ್ಲವಲ್ಲ ಎಂದುಕೊಂಡಳು. ಆದರೂ ವಾಪಸ್ಸು ಒಳಗೆ ಹೋಗಲಿಲ್ಲ.

ಸಂಜೆ ಅವನು ಬಂದಾಗ ಅವಳು ಗೌನು ತೊಟ್ಟು ಸ್ಟೂಲಿನ ಮೇಲೆ ನಿಂತಿದ್ದಳು. ಅಂಚಿನ ಅರ್ಧ ಮಡಚಿತ್ತು, ಇನ್ನರ್ಧ ಜೋತಾಡುತ್ತಿತ್ತು.

"ಉಳಿದದ್ದು ಹಿಡೀರಿ," ಎಂದಳು.

ಅವನ ಮುಖ ಅರಳಿತು. ಅಂಗಿಯನ್ನೂ ಬದಲಿಸದೆ, ಮೈಮೇಲಿನ ಮರದ ಹೊಟ್ಟನ್ನೂ ಕೊಡವಿಕೊಳ್ಳದೆ ಬಂದು ಮಂಡಿ ಊರಿದ. ಸೂಜಿಗಳನ್ನು ಎಣಿಸದೆ ಬಾಯಿಗೆ ತುಂಬಿಕೊಂಡ. ಅವಳು ಅಷ್ಟರವರೆಗೂ ಕಾದಳು.

"ಟಿಕೆಟ್ಟು ಒಂದೇ ಇಟ್ಟುಕೊಂಡೆ. ನಿಮ್ಮದು ವಾಪಸ್ ಕೊಟ್ಟುಬಿಟ್ಟೆ."

ಅವನು ತಲೆಯೆತ್ತಿ ನೋಡಿದ. ಬಾಯಲ್ಲಿ ಸೂಜಿಗಳು ಮಿನುಗುತ್ತಿದ್ದವು. ತೆಗೆಯಲು ಕೈ ಎತ್ತಿದವನು ಅವಳ ಮುಖ ನೋಡಿ ಕೈ ಇಳಿಸಿದ.

"ಆ ಕೊನೇ ಮೆಟ್ಟಿಲು ಎಷ್ಟೆತ್ತರ ಇತ್ತೋ ನೆನಪು ಮಾಡಿಕೊಂಡು ಹಿಡೀರಿ," ಎಂದಳು ಅವಳು. "ನಾನು ಒಬ್ಬಳೇ ಹತ್ತಬೇಕು."

ಅವನು ಅಳತೆಕೋಲನ್ನು ನೆಲಕ್ಕೆ ಊರಿದ. ನಿನ್ನೆ ಚುಚ್ಚಿದ್ದ ಸೂಜಿಗಳನ್ನೆಲ್ಲ ಕಿತ್ತು, ನಾಲ್ಕು ಬೆರಳು ಮೇಲೆ ಹಿಡಿದು ಮೊದಲಿನಿಂದ ಶುರುಮಾಡಿದ. ಒಂದು ಸೂಜಿ, ಗಿಣ್ಣಿನ ಮೇಲೆ ಒಂದು ತಟ್ಟು. ಅವಳು ತಿರುಗಿದಳು. ಮತ್ತೊಂದು ಸೂಜಿ, ಮತ್ತೊಂದು ತಟ್ಟು. ಅಂಚು ಸುತ್ತಲೂ ಒಂದೇ ಸಮ ಬಂತು. ಇಷ್ಟು ವರ್ಷಗಳಲ್ಲಿ ಅವನು ಹಿಡಿದ ಯಾವ ಅಂಚೂ ಇಷ್ಟು ನೇರವಾಗಿರಲಿಲ್ಲ.

ಮುಗಿದ ಮೇಲೆ ಅವನು ಎದ್ದು ನಿಂತು ಎಂದಿನ ಹಾಗೆ ಕೈ ಚಾಚಿದ. ಅವಳು ಹೊಲಿಗೆ ಯಂತ್ರದ ಅಂಚನ್ನು ಹಿಡಿದುಕೊಂಡು, ಮೊದಲು ಒಂದು ಕಾಲು, ನೋವಿಗೆ ಹಲ್ಲು ಕಚ್ಚಿ ಇನ್ನೊಂದು ಕಾಲು, ನಿಧಾನವಾಗಿ ನೆಲಕ್ಕೆ ಇಳಿದಳು. ಕನ್ನಡಿಯ ಮುಂದೆ ಹೋಗಿ ಗೌನಿನ ಉದ್ದ ನೋಡಿಕೊಂಡಳು. ಹಿಂದೆ, ಸ್ಟೂಲಿನ ಪಕ್ಕದಲ್ಲಿ, ಅವನ ಕೈ ಇನ್ನೂ ಚಾಚಿಕೊಂಡೇ ಇತ್ತು.